ಎರಡನೇ ಜಾಗದಲ್ಲಿ ನಾಲ್ಕು ಚುಕ್ಕೆ

“ಇನ್ನೂ ಬಿಗಿ,” ಎಂದಳು ತನಿಖೆಯಮ್ಮ. ಇಂಜಿನ್ನಿನ ತಿರುಗುವ ದಂಡಕ್ಕೆ ಸಿಕ್ಕಿಸಿ ಎರಡೂ ಕೈಯಲ್ಲಿ ಹಿಡಿದಿದ್ದ ಉದ್ದನೆಯ ಪಾನಾ ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು. “ನೀವೊಂದು ಸಲ ನೋಡಿ ಯಜಮಾನ್ರೇ.”

ನಾನು ಎಳೆದು ನೋಡಿದೆ. ಪಾನಾ ಅರ್ಧ ಗೇಣು ಸರಿದು ನಿಂತಿತು. ಕೊಟ್ಟಿಗೆಯ ಬಾಗಿಲಲ್ಲಿ ಹಠ ಹಿಡಿದು ನಿಂತ ಎಮ್ಮೆಯ ಹಾಗೆ. ಇನ್ನೂ ಎಳೆದರೆ ನನ್ನ ರಟ್ಟೆಯೇ ಬಿಡಬೇಕು, ಅದು ಬಿಡುವುದಿಲ್ಲ.

ಇಂಜಿನ್ ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ, ಎರಡು ಮರದ ತೊಲೆಗಳ ಮೇಲೆ ಅಂಗಾತ ಮಲಗಿತ್ತು. ಹೊಳೆಯಿಂದ ಎತ್ತಿ ತಂದು, ಡೀಸೆಲ್ ಹಾಕಿ ತೊಳೆದರೂ ಕೆಸರಿನ ವಾಸನೆ ಹೋಗಿರಲಿಲ್ಲ. ಇದೇ ಇಂಜಿನ್ ನಡುಹೊಳೆಯಲ್ಲಿ ಕಚ್ಚಿಕೊಂಡು ನಿಂತು, ಲಾಂಚು ಸೆಳವಿಗೆ ಸಿಕ್ಕಿ, ಸೇತುವೆಯ ಕಂಬಕ್ಕೆ ಬಡಿದು ನನ್ನ ಅಕ್ಕನ ದೊಡ್ಡಮಗ ಹೋದದ್ದು. ಇದನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿದ ಚಿಕ್ಕಮಗ ಅಣ್ಣನನ್ನು ಕೊಂದ ಆರೋಪದ ಮೇಲೆ ಲಾಕಪ್ಪಿನಲ್ಲಿ ಕೂತಿದ್ದ.

ನಾಳೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಈ ಕಬ್ಬಿಣ ಬಾಯಿ ಬಿಡಬೇಕು.

ಕಬ್ಬಿಣಕ್ಕಿಂತ ಮೊದಲು ಊರು ಬಾಯಿ ಬಿಟ್ಟಿತ್ತು. ಅಣ್ಣತಮ್ಮಂದಿರದು ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನುವ ಜೋಡಿ. ದೊಡ್ಡವನು ಲಾಂಚಿನಲ್ಲೇ ಬೆಳೆದವನು. ಚಿಕ್ಕವನು ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಹಳೆಯ ಇಂಜಿನ್ ಕೈಕೊಟ್ಟಾಗ ಗುಜರಿಯಿಂದ ಲಾರಿಯ ಇಂಜಿನ್ ತಂದು ತಾನೇ ಜೋಡಿಸುತ್ತೇನೆ ಎಂದು ಚಿಕ್ಕವನು ಹೊರಟ. “ಲಾರಿ ಇಂಜಿನ್ ಹೊಳೆ ದಾಟಿಸ್ತದಾ? ದಾರಿ ಮೇಲೆ ಹೋಗೋದು ದಾರಿ ಮೇಲೇ ಇರ್ಲಿ,” ಎಂದು ದೊಡ್ಡವನು ಲಾಂಚು ನಿಲ್ಲುವ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ನಕ್ಕಿದ್ದ. ಚಿಕ್ಕವನು ತಿರುಗಿ ಒದರಿದ್ದ: “ನಿನ್ನ ಸೊಕ್ಕನ್ನ ಇದೇ ಹೊಳೇಲಿ ಮುಳುಗಿಸ್ತೀನಿ ನೋಡು!”

ಹತ್ತು ಜನರಲ್ಲಿ ಹತ್ತೂ ಜನ ಅದನ್ನು ಪೊಲೀಸರಿಗೆ ಹೇಳಿದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಲಾಂಚು ಬಿಡುವ ಹೊತ್ತಿಗೆ ದೊಡ್ಡವನು, “ಲೋ, ಇದು ಬಿಗಿ ಇದೆ ಕಣೋ, ತಿರುಗೋದೇ ಕಷ್ಟ,” ಎಂದಿದ್ದ. ಚಿಕ್ಕವನು ದಡದಲ್ಲಿ ನಿಂತು, “ಹೊಸ ರಿಂಗು, ಬಿಗಿಯೇ ಇರುತ್ತೆ. ಓಡಿಸು, ಓಡಿದ್ರೆ ಬಿಡುತ್ತೆ,” ಎಂದಿದ್ದ.

ಪಿಸ್ಟನ್ನಿಗೆ ಹೊಸ ರಿಂಗು ತೊಡಿಸಿದ ಇಂಜಿನ್ ಸ್ವಲ್ಪ ಬಿಗಿಯಿರುವುದು, ಓಡಿದ ಮೇಲೆ ಸಡಿಲವಾಗುವುದು ಸುಳ್ಳಲ್ಲ. ಆ ಮಾತು ಪ್ರತಿ ಗ್ಯಾರೇಜಿನಲ್ಲೂ ಇದೆ. ಆದರೆ ಈಗ ಅದನ್ನು ಹೇಳಿದವನು ಬದುಕಿದ್ದಾನೆ, ಕೇಳಿದವನು ಹೋಗಿದ್ದಾನೆ.

“ಅವನ ಮಾತನ್ನೇ ಹಿಡಿಯೋಣ,” ಎಂದಳು ತನಿಖೆಯಮ್ಮ. ಕೇಸಿನ ತನಿಖೆಗೆ ಬಂದ ಈ ಪೊಲೀಸಮ್ಮನನ್ನು ಇಡೀ ಕಟ್ಟೆ ಹಾಗೇ ಕರೆಯುತ್ತದೆ. ನನ್ನ ಮಗಳ ವಯಸ್ಸು; ಈ ಮನೆಯ ಇಂಜಿನ್ ಬಿಚ್ಚಿ ಗೊತ್ತಿದ್ದವನು ಎಂದು ನನ್ನನ್ನು ಜೊತೆಗೆ ಕರೆದುಕೊಂಡಿದ್ದಳು. ಅಪ್ಪನ ಟ್ರ್ಯಾಕ್ಟರಿನ ಕೆಳಗೆ ಮಲಗಿಯೇ ಬೆಳೆದವಳಂತೆ, ಪಾನಾ ಹಿಡಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ರಿಂಗಿನಿಂದ ಬಿಗಿಯಾಗಿದ್ರೆ, ಪಿಸ್ಟನ್‌ಗಳನ್ನ ಬಿಡಿಸಿದ ತಕ್ಷಣ ಕ್ರ್ಯಾಂಕು ಸಲೀಸಾಗಿ ತಿರುಗಬೇಕು. ಹೌದೋ ಅಲ್ವೋ?”

“ಹೌದಮ್ಮಾ.”

“ತಿರುಗಿದ್ರೆ ಅವನು ಹೇಳಿದ್ದು ನಿಜ. ಬರೀ ಗ್ರಹಚಾರ, ಕೊಲೆ ಅಲ್ಲ ಅಂತ ಬರೀತೀನಿ.”

ನಾಲ್ಕು ಪಿಸ್ಟನ್ನಿನ ಹಿಡಿಗಳನ್ನೂ ಒಂದೊಂದಾಗಿ ಬಿಚ್ಚಿದೆವು. ಪಿಸ್ಟನ್‌ಗಳನ್ನು ಮರದ ತುಂಡಿನಿಂದ ತಳ್ಳಿ ದೂರ ಮಾಡಿದೆವು. ಈಗ ಇಂಜಿನ್ನಿನ ಹೊಟ್ಟೆಯಲ್ಲಿ ಉಳಿದಿದ್ದು ಆ ತಿರುಗುವ ದಂಡ, ಕ್ರ್ಯಾಂಕು ಒಂದೇ. ತನಿಖೆಯಮ್ಮ ಪಾನಾ ಕೂರಿಸಿದಳು.

ಎಳೆದಳು.

ಅರ್ಧ ಗೇಣು ಸರಿದು ನಿಂತಿತು. ಮೊದಲಿನ ಹಾಗೇ.

ಅವಳು ನನ್ನ ಮುಖ ನೋಡಲಿಲ್ಲ. “ರಿಂಗಲ್ಲ,” ಎಂದಳು. “ಅವನಿಗಿದ್ದದ್ದು ಇದೊಂದೇ ಮಾತು. ಅದೂ ಹೋಯ್ತು.”

ಶೆಡ್ಡಿನ ತಗಡು ಬಿಸಿಲಿಗೆ ಟಕ್ ಎಂದಿತು. ನಾನು ಡೀಸೆಲ್ ಡಬ್ಬಿಯ ಮೇಲೆ ಕೂತುಬಿಟ್ಟೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ನಾವು ಬೆಳಗಿನಿಂದ ಕಷ್ಟಪಟ್ಟು ಆ ಹುಲ್ಲುಕಡ್ಡಿಯನ್ನೇ ಕಿತ್ತುಹಾಕಿದ್ದೆವು.

ಅಕ್ಕ ಟೀ ತಂದಳು. ಪಳಗಿದ ಕೈ ಅವಳದು. ಭಾವ ಬದುಕಿದ್ದಾಗ ಈ ಶೆಡ್ಡಿನಲ್ಲಿ ಎಷ್ಟು ಇಂಜಿನ್ ಬಿಚ್ಚಿದರೋ, ಅಷ್ಟರ ಸಾಮಾನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿಟ್ಟವಳು ಅವಳು. ಎಲ್ಲ ಜೋಡಿಸಿ ಮುಗಿದ ಮೇಲೆ ಭಾವ, “ಲೇ, ಒಂದು ಸಲ ಬಾ,” ಎನ್ನುತ್ತಿದ್ದ. ಅವಳು ಬಂದು ಒಂದೊಂದು ಬೋಲ್ಟನ್ನೂ ಮುಟ್ಟಿ, ಪಾನಾ ಹಾಕಿ ಒಮ್ಮೆ ಎಳೆದು ನೋಡುತ್ತಿದ್ದಳು. ಅಕ್ಕನ ಕೈ ತಾಗದೆ ಈ ಮನೆಯ ಇಂಜಿನ್ ಎಂದೂ ನೀರಿಗೆ ಇಳಿದಿಲ್ಲ.

“ಏನಾದ್ರೂ ಗೊತ್ತಾಯ್ತಾಮ್ಮಾ?” ಎಂದು ಕೇಳಿದಳು.

“ಇನ್ನೂ ಇಲ್ಲ.”

“ಗೊತ್ತಾಗೋದು ಏನಿದೆ? ಆ ಮೊಸಳೆದೇ ಕೆಲಸ. ನನ್ನ ಮಗ ಸರಿಯಾಗೇ ಜೋಡಿಸಿದ್ದ. ನಾನೇ ನೋಡಿದ್ದೀನಿ.”

ಮೊಸಳೆ ಎಂದರೆ ಆಚೆ ದಡದ ಲಾಂಚಿನವನು. ಈ ದಡದ ಮೇಲೂ ಅವನಿಗೆ ಕಣ್ಣು. ಚಿಕ್ಕವನು ರಿಂಗು ತರಲು ಪೇಟೆಗೆ ಹೋಗಿದ್ದ ದಿನ ಅವನು ಶೆಡ್ಡಿನ ಬೇಲಿಯ ಹತ್ತಿರ ಸುಳಿದಾಡಿದ್ದನ್ನು ಅಕ್ಕ ಕಂಡಿದ್ದಳು. ಹಿಂದಿನ ವಾರವೆಲ್ಲ ನಾವು ಅವನ ಬೆನ್ನು ಹತ್ತಿದ್ದು ಅದಕ್ಕೇ.

“ಅಕ್ಕಾ, ಮೊಸಳೆ ಪಾನಾ ಹಿಡಿಯೋದು ನೋಡಿದ್ದೀಯಾ? ಪಾಯಸದ ಸೌಟು ಹಿಡಿದ ಹಾಗೆ ಹಿಡೀತಾನೆ,” ಎಂದೆ.

“ಕೆಡಿಸೋಕೆ ಕೆಲಸ ಬರಬೇಕೇನೋ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದು ಅವಳು ಖಾಲಿ ಲೋಟ ಎತ್ತಿಕೊಂಡು ಹೋದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: “ಒಬ್ಬ ಹೋದ. ಇನ್ನೊಬ್ಬನನ್ನಾದ್ರೂ ತಂದುಕೊಡು.”

ತನಿಖೆಯಮ್ಮ ಆಗಲೇ ಇಂಜಿನ್ನಿನ ಮೇಲೆ ಬಗ್ಗಿದ್ದಳು.

ಅಂಗಾತ ಮಲಗಿದ ಇಂಜಿನ್ನಿನಲ್ಲಿ ಕ್ರ್ಯಾಂಕನ್ನು ಅಡ್ಡಡ್ಡಲಾಗಿ ಐದು ಕ್ಯಾಪುಗಳು ಒತ್ತಿ ಹಿಡಿದಿರುತ್ತವೆ. ದಪ್ಪ ಕಬ್ಬಿಣದ ಸೇತುವೆಗಳ ಹಾಗೆ. ಒಂದೊಂದಕ್ಕೂ ಎರಡು ಬೋಲ್ಟು. ಒಳಗೆ ಬೇರಿಂಗು, ಬೇರಿಂಗಿನೊಳಗೆ ಕ್ರ್ಯಾಂಕು.

“ಹಿಡಿದುಕೊಂಡಿರೋರು ಐದು ಜನ,” ಎಂದಳು ಅವಳು. “ಒಬ್ಬೊಬ್ಬರನ್ನೇ ಕೈ ಬಿಡಿಸಿ ಕೇಳೋಣ.”

ಫ್ಯಾನಿನ ಕಡೆಯಿಂದ ಎಣಿಸಿ ಒಂದನೇ ಕ್ಯಾಪಿನ ಬೋಲ್ಟು ಸಡಿಲಿಸಿ ಎಳೆದಳು. ಬಿಗಿ. ಮತ್ತೆ ಬಿಗಿ ಮಾಡಿದಳು. ಎರಡನೆಯದನ್ನು ಸಡಿಲಿಸಿ ಎಳೆದಳು. ಪಾನಾ ಅರ್ಧ ಗೇಣಿನ ಬದಲು ಒಂದೂವರೆ ಗೇಣು ಬಂತು.



ಎರಡನೆಯದನ್ನು ಸಡಿಲವಾಗಿಯೇ ಬಿಟ್ಟು ಮೂರನೆಯದಕ್ಕೆ ಹೋದಳು. ವ್ಯತ್ಯಾಸವಿಲ್ಲ. ಬಿಗಿ ಮಾಡಿದಳು. ನಾಲ್ಕನೆಯದರ ಬೋಲ್ಟು ಸಡಿಲಿಸಿದಳು. ಆಮೇಲೆ ಪಾನಾ ಕೂಡ ಹಾಕಲಿಲ್ಲ. ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ, ಫ್ಲೈವೀಲಿನ ಅಂಚಿಗೆ ಬರಿಗೈ ಇಟ್ಟು ತಳ್ಳಿದಳು.

ತಿರುಗಿತು. ಬಾವಿಯ ರಾಟೆಯ ಹಾಗೆ ಒಂದು ಸುತ್ತು, ಇನ್ನೊಂದು ಸುತ್ತು.

“ಎರಡು ಮತ್ತು ನಾಲ್ಕು,” ಎಂದಳು.

ಅವೆರಡನ್ನೂ ಬಿಚ್ಚಿ ಹಲಗೆಯ ಮೇಲಿಟ್ಟೆವು. ಒಳಗಿನ ಬೇರಿಂಗು ಒಂದು ಪಕ್ಕಕ್ಕೆ ಮಾತ್ರ ಸವೆದು, ಸುಟ್ಟು, ನೀಲಿಯಾಗಿತ್ತು. ನಾನು ಕ್ಯಾಪಿನ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜಿದೆ. ಅಲ್ಲಿ ಉಳಿಯಿಂದ ಹೊಡೆದ ಚುಕ್ಕೆಗಳಿದ್ದವು. ಲಾರಿ ಇಂಜಿನ್ನಿನಲ್ಲಿ ತುದಿಯ ಎರಡು ಕ್ಯಾಪಿಗೆ ಗುರುತು ಬೇಕಿಲ್ಲ, ಅವುಗಳ ಆಕಾರವೇ ಬೇರೆ. ನಡುವಿನ ಮೂರು ಒಂದೇ ಅಚ್ಚು, ಅದಕ್ಕೇ ಚುಕ್ಕೆ. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು.

ನನ್ನ ಹೆಬ್ಬೆರಳ ಕೆಳಗೆ, ಎರಡನೇ ಜಾಗದಿಂದ ಬಿಚ್ಚಿದ ಕ್ಯಾಪಿನ ಮೇಲೆ, ನಾಲ್ಕು ಚುಕ್ಕೆ ಇತ್ತು.

ತನಿಖೆಯಮ್ಮ ಇನ್ನೊಂದನ್ನು ಬೆಳಕಿಗೆ ಹಿಡಿದಳು. ಅದರ ಮೇಲೆ ಎರಡು.

“ಅದಲುಬದಲು,” ಎಂದಳು. “ಒಂದೇ ಅಚ್ಚು ಅಂದ್ರಲ್ಲ, ಬದಲಾದ್ರೆ ಏನಾಗುತ್ತೆ?”

“ಕ್ಯಾಪು ಕೂರಿಸಿ, ಬೋಲ್ಟು ಬಿಗಿ ಮಾಡಿ, ಆಮೇಲೇ ತೂತು ಕೊರೆದಿರ್ತಾರೆ ಅಮ್ಮಾ. ಆ ಜಾಗಕ್ಕೆ ಆ ಕ್ಯಾಪು. ಒಂದು ಡಬ್ಬಿ ಮುಚ್ಚಳ ಇನ್ನೊಂದಕ್ಕೆ ಹಾಕಿದ್ರೆ ಕೂತ ಹಾಗೆ ಕಾಣುತ್ತೆ, ಕೂತಿರಲ್ಲ. ಕೂದಲೆಳೆ ಆಚೀಚೆ ಆದ್ರೂ ಕ್ರ್ಯಾಂಕಿನ ಕತ್ತು ಹಿಸುಕಿದ ಹಾಗೆ. ಬಿಸಿ ಆಗುತ್ತೆ, ಕಚ್ಚಿಕೊಳ್ಳುತ್ತೆ.”

“ನಡುಹೊಳೇಲಿ.”

“ಎಲ್ಲಾದ್ರೂ ಸರಿ. ನಡುಹೊಳೇಲಾಯ್ತು.”

ಅವಳು ನಾಲ್ಕನೇ ಜಾಗವನ್ನು ಬೆರಳಿನಿಂದ ತಡವುತ್ತಿದ್ದವಳು ನಿಂತಳು. ಉಗುರಿನಿಂದ ಏನನ್ನೋ ಎತ್ತಿದಳು. ಕ್ಯಾಪು ಕೂರುವ ಅಂಚಿಗೆ ಸಿಕ್ಕಿಕೊಂಡಿದ್ದ ಒಂದು ಎಳೆ ದಾರ. ಎಣ್ಣೆ ಕುಡಿದಿದ್ದರೂ ಬಣ್ಣ ತಿಳಿಯುತ್ತಿತ್ತು. ಹಸಿರು.

“ಚಿಕ್ಕವನು ಒರೆಸೋದು ಯಾವುದರಲ್ಲಿ?”

“ಬಿಳೀ ನೂಲಿನ ವೇಸ್ಟಿನಲ್ಲಿ. ಗ್ಯಾರೇಜಿನ ಅಭ್ಯಾಸ. ಅಗೋ, ಆ ಮೂಟೆ ಇದೆಯಲ್ಲ.”

ಅವಳು ಹಸಿರು ಎಳೆಯನ್ನು ಕಾಗದದಲ್ಲಿ ಮಡಿಸಿ ಜೇಬಿಗಿಟ್ಟಳು. ನಾನು ಆ ಎಳೆಗೆ ಗಮನ ಕೊಡಲಿಲ್ಲ. ನನ್ನ ಕಣ್ಣು ಚುಕ್ಕೆಗಳ ಮೇಲೆ ಇತ್ತು. ಎದೆಯೊಳಗೆ ಏನೋ ಕುಣಿಯುತ್ತಿತ್ತು, ಅದು ಸಂತೋಷ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಅಮ್ಮಾ,” ಎಂದೆ. “ಇದು ಚಿಕ್ಕವನ ಕೈ ಅಲ್ಲ.”

“ಹೇಗೆ?”

ಹೇಳಿದೆ. ನಮ್ಮ ಲಾಂಚಿನಲ್ಲಿ ಇಂಜಿನ್ ಕೋಣೆಗೆ ಇಳಿಯುವುದು ಹಿಂದಿನಿಂದ. ಇಳಿದರೆ ಮೊದಲು ಕೈಗೆ ಸಿಕ್ಕುವುದು ಫ್ಲೈವೀಲು. ಭಾವ ಅಲ್ಲಿಂದಲೇ ಎಣಿಸುತ್ತಿದ್ದ: ಫ್ಲೈವೀಲಿನ ಪಕ್ಕದ್ದು ಒಂದು, ಆಮೇಲೆ ಎರಡು, ಮೂರು. ಅವನ ಹಳೆಯ ಇಂಜಿನ್ನಿಗೆ ಚುಕ್ಕೆ ಹೊಡೆದವನೂ ಅವನೇ, ಅದೇ ಲೆಕ್ಕದಲ್ಲಿ. ಅದಕ್ಕೆ ನಮ್ಮ ಮನೆಯಲ್ಲಿ ದೋಣಿ ಲೆಕ್ಕ ಎನ್ನುತ್ತಿದ್ದೆವು. ಆದರೆ ಲಾರಿಯವರು ಎಣಿಸುವುದು ಮುಂದಿನಿಂದ, ಫ್ಯಾನಿನ ಕಡೆಯಿಂದ. ಈ ಇಂಜಿನ್ ಲಾರಿಯದ್ದು. ಇದರ ಚುಕ್ಕೆ ಲಾರಿ ಲೆಕ್ಕದ್ದು.

“ದೋಣಿ ಲೆಕ್ಕದವರು ಈ ಚುಕ್ಕೆ ನೋಡಿ ಕೂರಿಸಿದ್ರೆ...” ಅವಳು ಬೆರಳಿನಿಂದ ಆ ತುದಿಯಿಂದ ಎಣಿಸಿದಳು, ಈ ತುದಿಯಿಂದ ಎಣಿಸಿದಳು. “ಎರಡು ಹೋಗಿ ನಾಲ್ಕರಲ್ಲಿ ಕೂರುತ್ತೆ. ನಾಲ್ಕು ಎರಡರಲ್ಲಿ. ಮೂರು ಅಲ್ಲೇ ಇರುತ್ತೆ.”

“ಅದೇ ಆಗಿರೋದು. ಚಿಕ್ಕವನು ಗ್ಯಾರೇಜಿನಲ್ಲಿ ಕಲಿತವನು. ಹಿಂದಿನಿಂದ ಎಣಿಸು ಅಂತ ಅಪ್ಪ ತಲೆಗೆ ಮೊಟಕಿದ್ರೂ ಬಗ್ಗಲಿಲ್ಲ. ಊಟಕ್ಕೆ ಕೂತಾಗ್ಲೂ ಜಗಳ. ಸತ್ರೂ ಅವನು ಫ್ಲೈವೀಲಿಂದ ಎಣಿಸಲ್ಲ.”

ತನಿಖೆಯಮ್ಮ ಕೈ ಒರೆಸಿಕೊಂಡಳು. “ಹಾಗಾದ್ರೆ ದೋಣಿ ಲೆಕ್ಕ ಗೊತ್ತಿರೋರು ಯಾರು?”

“ಭಾವ. ಅವನಿಲ್ಲ. ದೊಡ್ಡವನು.”

“ಅವನೇ ಬಂದು ಬದಲಾಯಿಸಿರಬಹುದಾ?”

“ಲಾರಿ ಇಂಜಿನ್ನಿಗೆ ಕೈ ಹಚ್ಚಲ್ಲ ಅಂತ ಆಣೆ ಹಾಕಿದ್ದ. ಚಿಕ್ಕವನು ಪೇಟೆಗೆ ಹೋದ ದಿನ ಕತ್ತಲಾಗೋವರೆಗೂ ಕಟ್ಟೆ ಮೇಲೇ ಇದ್ದ, ಲಾಂಚಿಗೆ ಟಾರು ಬಳೀತಿದ್ದ. ಎಲ್ಲರೂ ನೋಡಿದ್ದಾರೆ.”

“ಆಮೇಲೆ?”

“ಆಮೇಲೆ ನಾನು.”

ಅವಳು ನನ್ನ ಕಡೆ ತಿರುಗಿದಳು. “ಚಿಕ್ಕವನನ್ನ ಬಿಡಿಸೋ ಸಂಭ್ರಮದಲ್ಲಿ ಯಾರನ್ನ ಹಿಡಿದುಕೊಡ್ತಿದ್ದೀರಿ ಅಂತ ಗೊತ್ತಾ ಯಜಮಾನ್ರೇ?”

“ಬರ್ಕೊಳ್ಳಿ. ನನ್ನದು ಆಗಿಹೋದ ಜೀವ.”

“ನಿಮ್ಮ ಅಂಗಿ ಹಸಿರಲ್ಲ,” ಎಂದಳು ಅವಳು, ನಗದೆ. “ನಡೀರಿ. ಅವನನ್ನೇ ಕೇಳೋಣ.”

ಲಾಕಪ್ಪಿನ ಪಕ್ಕದಲ್ಲಿ ಒಂದು ಕೋಣೆ. ಮೇಜು, ಮೂರು ಕುರ್ಚಿ, ಎತ್ತರದಲ್ಲಿ ಒಂದು ಕಿಟಕಿ. ಚಿಕ್ಕವನನ್ನು ತಂದು ಕೂರಿಸಿದರು. ಗಡ್ಡ ಬಂದಿತ್ತು. ಉಗುರಿನ ಸಂದಿನ ಎಣ್ಣೆ ಮಾತ್ರ ಇನ್ನೂ ಹೋಗಿರಲಿಲ್ಲ.

“ಊಟ ಮಾಡಿದ್ಯೇನೋ?”

“ಮಾಡ್ದೆ ಮಾವ.” ಮಾಡಿಲ್ಲ ಎಂದು ಮುಖವೇ ಹೇಳುತ್ತಿತ್ತು.

ತನಿಖೆಯಮ್ಮ ಸುತ್ತು ಬಳಸಲಿಲ್ಲ. “ಕ್ರ್ಯಾಂಕು ಕೂರಿಸಿ, ಕ್ಯಾಪು ಬಿಗಿ ಮಾಡಿದ ಮೇಲೆ ತಿರುಗಿಸಿ ನೋಡಿದ್ಯಾ?”

“ನೋಡ್ದೆ. ಎರಡು ಬೆರಳಲ್ಲಿ ತಿರುಗ್ತಿತ್ತು.”

“ಎರಡು ಬೆರಳಲ್ಲಿ.”

“ಹೂಂ. ಆಮೇಲೆ ರಿಂಗು ತರೋಕೆ ಪೇಟೆಗೆ ಹೋದೆ. ಬಂದು ಪಿಸ್ಟನ್ ಹಾಕ್ದೆ. ಆಗ ಬಿಗಿ ಆಯ್ತು. ಹೊಸ ರಿಂಗು, ಬಿಗಿ ಇರುತ್ತೆ ಅಂದ್ಕೊಂಡೆ. ಇದನ್ನ ಎಷ್ಟು ಸಲ ಹೇಳಲಿ?”

“ಪಿಸ್ಟನ್ ಹಾಕೋ ಮುಂಚೆ ಇನ್ನೊಂದು ಸಲ ತಿರುಗಿಸಿ ನೋಡಲಿಲ್ವಾ?”

“ಯಾಕೆ ನೋಡ್ಬೇಕು? ಬೆಳಿಗ್ಗೆ ನೋಡಿದ್ನಲ್ಲ.”

“ನೀನು ಪೇಟೇಲಿದ್ದಾಗ ಶೆಡ್ಡಿಗೆ ಬೀಗ ಹಾಕಿತ್ತಾ?”

“ಬೀಗ ಯಾಕೆ? ಅಮ್ಮ ಮನೇಲೇ ಇದ್ರಲ್ಲ.”

ನಾನು ತಡೆಯಲಾರದೆ ಮುಂದಕ್ಕೆ ಬಾಗಿದೆ. “ಮಗಾ, ನಿನ್ನ ತಪ್ಪಲ್ಲ ಕಣೋ! ನೀನು ಹೋದ ಮೇಲೆ ಯಾರೋ ಒಳಗೆ ಬಂದಿದ್ದಾರೆ. ಎರಡರ ಜಾಗದಲ್ಲಿ ನಾಲ್ಕು ಚುಕ್ಕೆ ಕೂತಿದೆ. ನಾಲ್ಕರಲ್ಲಿ ಎರಡು. ದೋಣಿ ಲೆಕ್ಕ!”

ಅವನ ಮುಖ ಅರಳುತ್ತದೆ ಎಂದು ನಾನು ಕಾದೆ.

ಅವನು ಮೊದಲು ನನ್ನನ್ನು ನೋಡಿದ. ಆಮೇಲೆ ಮೇಜನ್ನು. ತುಟಿಯಲ್ಲೇ ಏನೋ ಎಣಿಸಿದ, ಆ ಕಡೆಯಿಂದ ಈ ಕಡೆಗೆ. ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿಯಿತು.

“ನಾನು ಪೇಟೆಯಿಂದ ಬಂದಾಗ...” ಎಂದವನು ಅಲ್ಲಿಗೇ ನಿಲ್ಲಿಸಿದ.

“ಬಂದಾಗ?” ಎಂದಳು ತನಿಖೆಯಮ್ಮ.

“ಏನಿಲ್ಲ.”

“ಬಂದಾಗ ಏನು ನೋಡಿದೆ?”

“ಏನೂ ಇಲ್ಲ ಅಂದ್ನಲ್ಲ!” ಅವನು ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ. ಮತ್ತೆ ಬಾಯಿ ತೆರೆದಾಗ ದನಿ ಸಮವಾಗಿತ್ತು. “ನಾನೇ ಹಾಕಿದ್ದು.”

“ಏನು?”

“ನಾಲ್ಕು ಚುಕ್ಕೇದು. ಎರಡರಲ್ಲಿ. ನಾನೇ ಹಾಕಿದ್ದು.”

“ಲೋ!” ಎಂದೆ.

ತನಿಖೆಯಮ್ಮ ಕೈ ಎತ್ತಿ ನನ್ನನ್ನು ತಡೆದಳು. “ಯಾವ ಕಡೆಯಿಂದ ಎಣಿಸಿದೆ?”

“ಫ್ಲೈವೀಲಿಂದ. ಅಪ್ಪ ಕಲಿಸಿದ ಹಾಗೆ.”

“ಮರೆತು?”

“ಬೇಕಂತಲೇ.”

“ಎರಡು ಬೆರಳಲ್ಲಿ ತಿರುಗ್ತಿತ್ತು ಅಂದ್ಯಲ್ಲ ಈಗ ತಾನೇ.”

“ಸುಳ್ಳು ಹೇಳ್ದೆ. ಈಗ ನಿಜ ಹೇಳ್ತಿದ್ದೀನಿ. ಅಣ್ಣ ಎಲ್ಲರ ಮುಂದೆ ನಕ್ಕ. ಸಿಟ್ಟಿತ್ತು. ಬದಲಾಯಿಸಿಟ್ಟೆ. ಕಾಗದ ಕೊಡಿ, ಸಹಿ ಮಾಡ್ತೀನಿ.”

“ಇವನು ಬೊಗಳೆ ಬಿಡ್ತಿದ್ದಾನೆ ಅಮ್ಮಾ!” ನಾನು ಎದ್ದು ನಿಂತಿದ್ದೆ. “ಏನೋ ಆಗಿದೆ ನಿನಗೆ? ಯಾರಿಗೆ ಹೆದರ್ತಿದ್ದೀಯಾ? ಮೊಸಳೆಗಾ?”

“ಯಾರಿಗೂ ಇಲ್ಲ.”

“ನಿಮ್ಮಪ್ಪ ಬಡಿದ್ರೂ ಎಣಿಸದವನು ಈಗ ಅಪ್ಪ ಕಲಿಸಿದ ಹಾಗೆ ಅಂತೀಯಲ್ಲೋ! ನಿಮ್ಮಮ್ಮನ ಮುಖ ನೋಡಿ ಹೇಳು ಈ ಮಾತನ್ನ!”

ಅವನು ತಲೆ ತಗ್ಗಿಸಿದ. “ಮಾವ,” ಎಂದ, ಬಹಳ ಮೆಲ್ಲಗೆ. “ನಿಮ್ಮ ಕಾಲಿಗೆ ಬೀಳ್ತೀನಿ. ಮನೆಗೆ ಹೋಗಿ. ಶೆಡ್ಡಿಗೆ ಬೀಗ ಹಾಕಿ. ಅಮ್ಮನ್ನ ಅದರ ಹತ್ತಿರ ಬಿಡಬೇಡಿ. ಚುಕ್ಕೆ ವಿಷಯ ಅವರ ಹತ್ತಿರ ಎತ್ತಲೇಬೇಡಿ.”

ಕಾವಲಿನವನು ಕಾಗದ ತಂದಿಟ್ಟ. ಚಿಕ್ಕವನು ಓದದೆ ಸಹಿ ಮಾಡಿದ.

ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ತನಿಖೆಯಮ್ಮ ಜೀಪು ಹತ್ತಲಿಲ್ಲ. ನನ್ನ ಜೊತೆ ನಡೆದೇ ಬಂದಳು. ಕಟ್ಟೆಯ ದಾರಿಯಲ್ಲಿ ಲಾಂಚಿನ ಮುರಿದ ಹಲಗೆಗಳನ್ನು ಯಾರೋ ಒಪ್ಪವಾಗಿ ಜೋಡಿಸಿಟ್ಟಿದ್ದರು. ಹೊಸ ಟಾರಿನ ವಾಸನೆ ಇನ್ನೂ ಇತ್ತು.

“ಒಪ್ಪಿಕೊಂಡವನನ್ನ ಬಿಡಿಸೋದು ನನ್ನ ಕೈಲಿ ಆಗಲ್ಲ,” ಎಂದಳು. “ನಾಳೆ ನ್ಯಾಯಾಧೀಶರ ಮುಂದೆಯೂ ಇದನ್ನೇ ಹೇಳಿದ್ರೆ ಮುಗೀತು.”

“ಸುಳ್ಳು ಅಂತ ನಿಮಗೂ ಗೊತ್ತು.”

“ಗೊತ್ತು. ಅದಕ್ಕೇ ಕೇಳ್ತಿದ್ದೀನಿ. ಗಂಡಸು ಇಂಥ ಸುಳ್ಳನ್ನ ಯಾರಿಗೋಸ್ಕರ ಹೇಳ್ತಾನೆ?”

ಕಾಲು ನಡೆಯುತ್ತಿತ್ತು, ತಲೆ ಆ ಕೋಣೆಯಲ್ಲೇ ಕೂತಿತ್ತು. ಅಮ್ಮ ಮನೇಲೇ ಇದ್ರಲ್ಲ. ಅಮ್ಮನ್ನ ಅದರ ಹತ್ತಿರ ಬಿಡಬೇಡಿ. ಪೇಟೆಯಿಂದ ಬಂದಾಗ ಅವನು ನೋಡಿದ್ದೇನು? ಒರೆಸಿ ಹೊಳೆಯುತ್ತಿದ್ದ ಕ್ಯಾಪುಗಳನ್ನೇ? ಯಾರು ಒರೆಸಿದರು ಎಂದು ಅವನು ಕೇಳಿರಲಾರ. ಈ ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ದೋಣಿ ಲೆಕ್ಕ ಗೊತ್ತಿರುವವರು ಮೂವರು ಎಂದಿದ್ದೆ. ಬಾಯಿಬಿಟ್ಟು ಎಣಿಸಿದವರನ್ನು ಮಾತ್ರ ಲೆಕ್ಕ ಹಿಡಿದಿದ್ದೆ. ಭಾವ “ಎರಡು” ಎಂದಾಗ ಎರಡನ್ನು, “ನಾಲ್ಕು” ಎಂದಾಗ ನಾಲ್ಕನ್ನು ತಪ್ಪದೆ ತೆಗೆದು ಕೈಗಿತ್ತವರು ಯಾರು? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

“ನಾನು ಕೇಳ್ತೀನಿ,” ಎಂದೆ. “ನೀವು ಬಾಗಿಲ ಹೊರಗೇ ಇರಿ ಅಮ್ಮಾ. ಒಂದು ಮಾತು, ನಾನೇ ಕೇಳ್ತೀನಿ.”

ಅಕ್ಕ ಶೆಡ್ಡಿನಲ್ಲೇ ಇದ್ದಳು. ಸೀಮೆಎಣ್ಣೆಯ ತಟ್ಟೆ ಪಕ್ಕದಲ್ಲಿಟ್ಟುಕೊಂಡು, ನಾವು ಹಲಗೆಯ ಮೇಲೆ ಬಿಟ್ಟುಹೋಗಿದ್ದ ಕ್ಯಾಪುಗಳನ್ನು ಒರೆಸುತ್ತಿದ್ದಳು. ಕೆಸರಿನ ಕಲೆ ಹೋಗಿ ಅವು ಹೊಳೆಯುತ್ತಿದ್ದವು. ಅವಳ ಕೈಯಲ್ಲಿದ್ದ ಬಟ್ಟೆ ಅಡುಗೆಮನೆಯ ಕಿಟಕಿಗೆ ಹಿಂದೆ ಇದ್ದ ಪರದೆಯ ತುಂಡು. ಆ ಪರದೆಯನ್ನು ನಾನು ಎಷ್ಟು ವರ್ಷ ನೋಡಿದ್ದೆ. ಹಸಿರು ಗೆರೆಯದು.

“ಬಂದ್ಯಾ? ಅವನು ಊಟ ಮಾಡಿದ್ನಾ?”

“ಮಾಡಿದ್ನಂತೆ.”

“ಸುಳ್ಳ. ಅವನು ಒಬ್ಬನೇ ಕೂತು ಉಂಡಿದ್ದು ಯಾವತ್ತು?” ಒಂದು ಕ್ಯಾಪು ಎತ್ತಿ ಬೆಳಕಿಗೆ ಹಿಡಿದಳು. “ಏನಂತೆ? ಮೊಸಳೆ ಏನು ಮಾಡಿದ್ದ, ಗೊತ್ತಾಯ್ತಾ?”

“ಅಕ್ಕಾ,” ಎಂದೆ. ಕಣ್ಣು ಅವಳ ಕೈಯಲ್ಲಿದ್ದ ಬಟ್ಟೆಯ ಮೇಲೇ ಇತ್ತು.

ಅವಳೇ ಹೇಳಿದಳು. ನಾನು ಕೇಳುವ ಮೊದಲೇ, ತೀರ ಸಹಜವಾಗಿ, ಬಟ್ಟೆ ಹಿಂಡುತ್ತ.

“ನೋಡು, ಇದೊಂದನ್ನ ಯಾರ ಹತ್ತಿರಾನೂ ಹೇಳಿರ್ಲಿಲ್ಲ. ಹುಡುಗನ ಮರ್ಯಾದೆ ಹೋಗುತ್ತೆ ಅಂತ. ಅವನು ಪೇಟೆಗೆ ಹೋಗಿದ್ನಲ್ಲ, ನಾನು ಒರೆಸೋಣ ಅಂತ ಬಂದೆ. ನೋಡಿದ್ರೆ ಎರಡು ನಾಲ್ಕು ತಿರುವುಮುರುವು ಹಾಕಿಬಿಟ್ಟಿದ್ದ! ಅಪ್ಪ ಇದ್ದಿದ್ರೆ ಪಾನಾದಲ್ಲೇ ಕೊಡ್ತಿದ್ದ. ನಾನೇ ಬಿಚ್ಚಿ ಸರಿ ಮಾಡಿದೆ. ನಿಮ್ಮ ಭಾವ ಬಿಗಿ ಮಾಡೋ ಅಷ್ಟೇ ಬಿಗಿ ಮಾಡಿದೆ. ತಿರುಗಿಸೋಕೆ ಹೋಗಲಿಲ್ಲ, ಅದು ನನ್ನ ಕೈಲಿ ಎಲ್ಲಿ ಆಗುತ್ತೆ?”

ನಾನು ಶೆಡ್ಡಿನ ಕಂಬಕ್ಕೆ ಒರಗಿದೆ.

“ಅದಕ್ಕೇ ಹೇಳಿದ್ದು, ಇಂಜಿನ್ ಸರಿಯಾಗೇ ಇತ್ತು ಅಂತ. ನಾನೇ ನೋಡಿದ್ದೀನಿ ಅಂತ.” ಅವಳು ನನ್ನ ಮುಖ ನೋಡಿ ನಿಂತಳು. “ಏನೋ? ಯಾಕೆ ಹಾಗೆ ನೋಡ್ತೀಯಾ? ಅವನು ತಪ್ಪು ಹಾಕಿದ್ದ ಅಂತ ಗೊತ್ತಾದ್ರೆ ಕಷ್ಟ ಆಗುತ್ತಾ? ಆದ್ರೆ ನಾನು ಸರಿ ಮಾಡಿದ್ನಲ್ಲ. ಅದನ್ನ ಹೇಳಿದ್ರೆ ಬಿಡ್ತಾರೆ, ಅಲ್ವಾ?”

ಬಾಗಿಲಲ್ಲಿ ನೆರಳು ಅಲ್ಲಾಡಿತು. ತನಿಖೆಯಮ್ಮ ಒಳಗೆ ಬಂದಿದ್ದಳು. ಎಲ್ಲವನ್ನೂ ಕೇಳಿದ್ದಳು ಎಂದು ಹೇಳಬೇಕಾಗಿರಲಿಲ್ಲ.

ಅಕ್ಕನ ಮುಖ ಅರಳಿತು. ದೊಡ್ಡವನು ಹೋದ ಮೇಲೆ ಅವಳ ಮುಖದಲ್ಲಿ ನಾನು ಆಸೆ ನೋಡಿದ್ದು ಅದೇ ಮೊದಲು.

“ಒಳ್ಳೇ ಹೊತ್ತಿಗೆ ಬಂದ್ರಿ ಅಮ್ಮಾ. ನಡೀರಿ, ಈಗ್ಲೇ ಹೋಗೋಣ. ನಾನೇ ಸಾಕ್ಷಿ ಹೇಳ್ತೀನಿ. ಕ್ಯಾಪು ಮುಟ್ಟಿದ್ದು ನಾನು, ಸರಿಯಾಗೇ ಕೂರಿಸಿದ್ದೆ ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಇರಿ, ಚಪ್ಪಲಿ ಹಾಕ್ಕೊಂಡು ಬಂದೆ.”

ಹಸಿರು ಬಟ್ಟೆಯನ್ನು ನನ್ನ ಕೈಗೆ ತುರುಕಿ, ಸೆರಗು ಸರಿಮಾಡಿಕೊಳ್ಳುತ್ತ ಮನೆಯ ಕಡೆಗೆ ಓಡಿದಳು. ಆ ವಯಸ್ಸಿನಲ್ಲಿ ಓಡಿದಳು.

ಎರಡು ಕ್ಯಾಪು ಹಲಗೆಯ ಮೇಲೆ ಹೊಳೆಯುತ್ತ ಕೂತಿದ್ದವು. ತನಿಖೆಯಮ್ಮ ಅವುಗಳನ್ನೇ ನೋಡುತ್ತಿದ್ದಳು. ಒಳಗಿನಿಂದ ಅಕ್ಕನ ದನಿ ಬಂತು: “ಲೋ, ನನ್ನ ಚಪ್ಪಲಿ ಎಲ್ಲಿ ಇಟ್ಟಿದ್ದೀನೋ ನೋಡೋ!”

“ಯಜಮಾನ್ರೇ,” ಎಂದಳು ತನಿಖೆಯಮ್ಮ, ನನ್ನ ಕಡೆ ತಿರುಗದೆ. “ಸ್ಟೇಷನ್ನಿನ ಬಾಗಿಲು ದಾಟಿದ ಮೇಲೆ ನನ್ನ ಕೈಲಿ ಏನೂ ಇರಲ್ಲ. ಅದಕ್ಕೆ ಮೊದಲು, ದಾರೀಲೇ, ಆ ಚುಕ್ಕೆ ಲಾರಿ ಲೆಕ್ಕದ್ದು ಅಂತ ಅವರಿಗೆ ಗೊತ್ತಾಗಬೇಕು. ನೀವು ಹೇಳ್ತೀರಾ? ನಾನು ಹೇಳ್ಲಾ?”

ಅಕ್ಕನಿಗೆ ಚಪ್ಪಲಿ ಸಿಕ್ಕಿತ್ತು. ಮೆಟ್ಟಿಲ ಮೇಲೆ ಅದರ ಸದ್ದು ಕೇಳಿಸಿತು.